ಸ್ಲೋ ಕುಕ್ಕರ್‌ನಲ್ಲಿ ಸಾರು ನೀರಾಗುವುದೇಕೆ, ಕಾಳು ಬೇಯದಿರುವುದೇಕೆ

ಕರೆಂಟಿನಲ್ಲಿ ಗಂಟೆಗಟ್ಟಲೆ ಮೆಲ್ಲಗೆ ಬೇಯಿಸುವ ಸ್ಲೋ ಕುಕ್ಕರ್ ಅನ್ನು ಹೊಸದಾಗಿ ಕೊಂಡವರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಸಾರು ನೀರು ನೀರಾಗಿದೆ, ಮಾಂಸ ಬೆಣ್ಣೆಯಂತಾಗಿದೆ ಆದರೆ ಆಲೂಗಡ್ಡೆ ಇನ್ನೂ ಗಟ್ಟಿ, ಎಂಟು ಗಂಟೆ ಬೆಂದರೂ ಶುಂಠಿ-ಬೆಳ್ಳುಳ್ಳಿಯ ಹಸಿ ವಾಸನೆ ಹೋಗಿಲ್ಲ. ಪೆಟ್ಟಿಗೆಯೊಳಗೆ ಬರುವ ಪುಸ್ತಿಕೆಯಲ್ಲಿ ಸ್ಟ್ಯೂ, ಚಿಲ್ಲಿ, ರೋಸ್ಟ್‌ಗಳ ವಿವರ ಇರುತ್ತದೆ. ಹುರುಳಿ ಸಾರಿಗೆ, ಹುಳಿಗೆ, ಕಾಲು ಸೂಪಿಗೆ ಅದರಲ್ಲಿ ಜಾಗವಿಲ್ಲ. ಹಾಗಾಗಿ ಪ್ರೆಶರ್ ಕುಕ್ಕರ್‌ನಲ್ಲಿ ಕೈಗೆ ಕೂತ ಅಳತೆಯನ್ನೇ ಇದಕ್ಕೂ ಹಾಕುತ್ತೇವೆ. ಎಡವಟ್ಟು ಅಲ್ಲಿಂದ ಶುರು.

ಈ ಪಾತ್ರೆಯ ಬಗ್ಗೆ ಎರಡು ಸಂಗತಿ ನೆನಪಿದ್ದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಒಳಗಿನ ಅಡುಗೆ ತೀರಾ ನಿಧಾನವಾಗಿ ಬಿಸಿಯೇರಿ, ಕುದಿಯುವ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಮತ್ತೆ, ಹಾಕಿದ ನೀರು ಬಹುಪಾಲು ಅಲ್ಲೇ ಉಳಿಯುತ್ತದೆ. ಮೇಲೆ ಹೇಳಿದ ಎಲ್ಲ ದೂರುಗಳ ಬೇರೂ ಇವೆರಡರಲ್ಲೇ ಇದೆ.

## ಒಳಗೆ ಏನಿದೆ

ಮೂರೇ ಭಾಗ. ಹೊರಗಿನ ಲೋಹದ ಕವಚ, ಅದರೊಳಗೆ ಕೂರುವ ದಪ್ಪ ಸೆರಾಮಿಕ್ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಬಿಸಿ ಮಾಡುವ ತಂತಿ ಸಾಮಾನ್ಯವಾಗಿ ಕವಚದ ಗೋಡೆಯ ಸುತ್ತ ಇರುತ್ತದೆ. ಶಾಖ ಎಲ್ಲ ಕಡೆಯಿಂದ ಮೆಲ್ಲಗೆ ಬರುವುದರಿಂದ ತಳ ಹಿಡಿಯುವುದು ಅಪರೂಪ. ಕಟ್ಟಿಗೆ ಒಲೆಯಲ್ಲಿ ಉರಿ ತೆಗೆದು, ಕೆಂಡದ ನಡುವೆ ಮಡಕೆ ಹುದುಗಿಸಿ ಇಟ್ಟಂತೆ.

ವಿದ್ಯುತ್ ಬಳಕೆಯೂ ಕಡಿಮೆ. 3.5 ಲೀಟರ್ ಪಾತ್ರೆಗೆ ಸುಮಾರು 200 ವ್ಯಾಟ್, 6 ಲೀಟರ್‌ನದಕ್ಕೆ 250ರಿಂದ 300 ವ್ಯಾಟ್. ಇಂಡಕ್ಷನ್ ಒಲೆ 1,500 ವ್ಯಾಟ್ ಮೇಲೆಯೇ ಎಳೆಯುತ್ತದೆ ಎಂಬುದನ್ನು ನೆನೆದರೆ ಇದರ ಸಾಧು ಸ್ವಭಾವ ಗೊತ್ತಾಗುತ್ತದೆ. ಒಂದು ಆಂಪಿಯರ್ ಆಸುಪಾಸಿನ ಕರೆಂಟ್ ಆದ್ದರಿಂದ ಮಾಮೂಲಿ ಮೂರು ಪಿನ್ನಿನ ಸಣ್ಣ ಸಾಕೆಟ್ ಸಾಕು. ಆದರೆ ಅರ್ಥಿಂಗ್ ಸರಿಯಿರಬೇಕು. ಎಂಟು ಗಂಟೆ ಯಾರೂ ನೋಡದೆ ಓಡುವ ಲೋಹದ ಕವಚ ಇದು.

ಈ ಯಂತ್ರದ ಹುಟ್ಟಿಗೂ ಕಾಳಿನ ಅಡುಗೆಗೂ ನಂಟಿದೆ. ಯಹೂದಿಗಳು ಸಬ್ಬತ್ ಎಂಬ ತಮ್ಮ ವಾರದ ವಿಶ್ರಾಂತಿಯ ದಿನ ಒಲೆ ಹಚ್ಚುವುದಿಲ್ಲ. ಹಿಂದಿನ ಸಂಜೆಯೇ ಕಾಳು, ಮಾಂಸ, ಗೆಡ್ಡೆ ಸೇರಿಸಿ ಬೇಕರಿಯ ಒಲೆಯ ಆರುವ ಶಾಖದಲ್ಲಿ ರಾತ್ರಿಯಿಡೀ ಬಿಡುವ ಚೋಲೆಂಟ್ ಎಂಬ ಅಡುಗೆ ಅವರಲ್ಲಿತ್ತು. ಲಿಥುವೇನಿಯಾದ ತನ್ನ ಹಿರಿಯರ ಮನೆಯ ಈ ಪದ್ಧತಿಯನ್ನು ಕೇಳಿದ್ದ ಅಮೆರಿಕದ ಅರ್ವಿಂಗ್ ನ್ಯಾಕ್ಸನ್ ಅದನ್ನೇ ಕರೆಂಟಿಗೆ ಇಳಿಸಿ 1940ರಲ್ಲಿ ಪೇಟೆಂಟ್ ಪಡೆದ. 1970ರಲ್ಲಿ ರೈವಲ್ ಕಂಪನಿ ಅದನ್ನು ಕೊಂಡು, ಮರುವರ್ಷ ಕ್ರಾಕ್-ಪಾಟ್ ಹೆಸರಲ್ಲಿ ಮಾರುಕಟ್ಟೆಗೆ ತಂದಿತು.

## ಲೋ, ಹೈ, ವಾರ್ಮ್

ಲೋ ಎಂದರೆ ಕಡಿಮೆ ಶಾಖ, ಹೈ ಎಂದರೆ ಜಾಸ್ತಿ ಶಾಖ ಎಂದೇ ಎಲ್ಲರೂ ತಿಳಿಯುತ್ತಾರೆ. ಬಹುತೇಕ ಮಾದರಿಗಳಲ್ಲಿ ಎರಡೂ ಕೊನೆಗೆ ತಲುಪುವುದು ಒಂದೇ ಊರನ್ನು: ಕುದಿಯುವುದಕ್ಕೆ ಸ್ವಲ್ಪ ಕೆಳಗಿನ ಬಿಸಿ. ಹೈನಲ್ಲಿ ಅಲ್ಲಿಗೆ ಹೋಗಲು ಮೂರ್ನಾಲ್ಕು ಗಂಟೆ, ಲೋನಲ್ಲಿ ಏಳೆಂಟು ಗಂಟೆ. ವ್ಯತ್ಯಾಸವೆಲ್ಲ ದಾರಿಯ ವೇಗದಲ್ಲಿ. ಹೀಗಾಗಿ ಹೈನ ಒಂದು ಗಂಟೆ ಲೋನ ಎರಡರಿಂದ ಎರಡೂವರೆ ಗಂಟೆಗೆ ಸಮ ಎಂಬ ಲೆಕ್ಕ ಬಳಕೆಯಲ್ಲಿದೆ. ಒಲೆಯ ಮೇಲೆ ಮುಕ್ಕಾಲು ಗಂಟೆಯಲ್ಲಿ ಬೇಯುವುದಕ್ಕೆ ಹೈನಲ್ಲಿ ಮೂರ್ನಾಲ್ಕು, ಲೋನಲ್ಲಿ ಆರರಿಂದ ಎಂಟು ಗಂಟೆ ಇಟ್ಟುಕೊಳ್ಳಿ.

ವಾರ್ಮ್ ಅಡುಗೆ ಮಾಡುವ ಗುಂಡಿಯಲ್ಲ. ಬೆಂದದ್ದನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಹಿಡಿದಿಡುವುದಷ್ಟೇ ಅದರ ಕೆಲಸ. ಹಸಿ ಪದಾರ್ಥ ಹಾಕಿ ವಾರ್ಮ್‌ನಲ್ಲಿ ಬಿಡುವುದು, ಫ್ರಿಜ್ಜಿನಿಂದ ತೆಗೆದ ತಣ್ಣನೆ ಸಾರನ್ನು ಅದರಲ್ಲಿ ಬಿಸಿ ಮಾಡುವುದು, ಎರಡೂ ತಪ್ಪು. 4ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅಡುಗೆ ಆ ಹಂತವನ್ನು ಎಷ್ಟು ಬೇಗ ದಾಟಿದರೆ ಅಷ್ಟು ಕ್ಷೇಮ.

ದಾಟಿಸಲು ಸುಲಭದ ಉಪಾಯಗಳಿವೆ. ಮಾಂಸ, ಕಾಳು ಇರುವ ಅಡುಗೆಯನ್ನು ಮೊದಲ ಒಂದು ಗಂಟೆ ಹೈನಲ್ಲಿಟ್ಟು ಆಮೇಲೆ ಲೋಗೆ ತಿರುಗಿಸಿ. ತಣ್ಣೀರಿನ ಬದಲು ಬಿಸಿನೀರು ಹಾಕಿ. ಖಾಲಿ ಸೆರಾಮಿಕ್‌ಗೆ ಕುದಿನೀರು ಸುರಿದರೆ ಸೀಳಬಹುದು, ಆದ್ದರಿಂದ ಪದಾರ್ಥ ಮೊದಲು, ನೀರು ಆಮೇಲೆ. ಫ್ರೀಜರ್‌ನ ಕಲ್ಲಿನಂಥ ಮಾಂಸವನ್ನು ಪೂರ್ತಿ ಕರಗಿಸದೆ ಹಾಕಬಾರದು. ರಾತ್ರಿಯೇ ಹೆಚ್ಚಿಟ್ಟು ಬೆಳಿಗ್ಗೆ ಆನ್ ಮಾಡುವ ಯೋಚನೆಯಿದ್ದರೆ ಮಾಂಸ, ತರಕಾರಿ ಬೇರೆ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿರಲಿ, ಸೆರಾಮಿಕ್ ಪಾತ್ರೆ ಹೊರಗಿರಲಿ. ತಡವಾಗಿ ಶುರುವಾಗುವ ಟೈಮರ್ ಇರುವ ಮಾದರಿಯಲ್ಲೂ ಹಸಿ ಪದಾರ್ಥ ಹೊರಗೆ ಎರಡು ಗಂಟೆ ಮೀರಿ ಕಾಯಬಾರದು. ಸುತ್ತಲಿನ ಬಿಸಿ 32 ಡಿಗ್ರಿ ದಾಟಿದಾಗ ಒಂದೇ ಗಂಟೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಆ ಟೈಮರನ್ನು ಮರೆತುಬಿಡುವುದೇ ಒಳ್ಳೆಯದು.

ಹಳೆಯ ಅಥವಾ ಸೆಕೆಂಡ್ ಹ್ಯಾಂಡ್ ಕುಕ್ಕರ್ ಸರಿಯಾಗಿ ಬಿಸಿಯಾಗುತ್ತಿದೆಯೇ ಎಂದು ತಿಳಿಯಲು, ಎರಡು ಲೀಟರ್ ನೀರು ಹಾಕಿ ಮುಚ್ಚಿ, ಲೋನಲ್ಲಿ ಎಂಟು ಗಂಟೆ ಬಿಟ್ಟು, ಮುಚ್ಚಳ ತೆಗೆದ ಕೂಡಲೇ ಅಡುಗೆ ಥರ್ಮಾಮೀಟರ್ ಅದ್ದಿ. 85ರಿಂದ 93 ಡಿಗ್ರಿ ತೋರಿಸಿದರೆ ಸರಿ. 85ಕ್ಕಿಂತ ಕೆಳಗಿದ್ದರೆ ಮಾಂಸ ಬೇಯಿಸಲು ಅದನ್ನು ನಂಬಬೇಡಿ. 93ಕ್ಕಿಂತ ಮೇಲಿದ್ದರೆ ನಿಮ್ಮದು ಬಿಸಿ ಜಾಸ್ತಿಯ ಯಂತ್ರ. ಪುಸ್ತಿಕೆಯ ಸಮಯದಿಂದ ಒಂದೆರಡು ಗಂಟೆ ಕಳೆದುಕೊಳ್ಳಿ.

## ಮುಚ್ಚಳ ಮತ್ತು ನೀರು

ಹಬೆ ಮೇಲೇರಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಕೆಳಗೆ ಬೀಳುತ್ತದೆ. ಅಂಚಿನಲ್ಲಿ ನಿಂತ ನೀರು ಮುಚ್ಚಳವನ್ನು ಅಂಟಿಸಿಬಿಡುತ್ತದೆ. ಇದರ ಜೊತೆಗೆ ಈರುಳ್ಳಿ, ಟೊಮೆಟೊ, ಸೋರೆಕಾಯಿ, ಮಾಂಸ ಎಲ್ಲವೂ ತಮ್ಮ ನೀರು ಬಿಡುತ್ತವೆ. ತೆರೆದ ಪಾತ್ರೆಯಲ್ಲಿ ಆವಿಯಾಗಿ ಹೋಗುತ್ತಿದ್ದದ್ದು ಇಲ್ಲಿ ಪೂರ್ತಿ ಉಳಿಯುವುದರಿಂದ, ಒಲೆಯ ಅಡುಗೆಗೆ ಹಾಕುವ ನೀರಿನ ಅರ್ಧದಿಂದ ಮೂರರಲ್ಲಿ ಎರಡು ಪಾಲು ಸಾಕು. ಪಲ್ಯ, ಗೊಜ್ಜಿನ ಹದದ್ದಕ್ಕೆ ಕಾಲು ಲೋಟ. ಈ ಕಡಿತ ಒಣ ಕಾಳು-ಬೇಳೆಗೆ ಅನ್ವಯಿಸುವುದಿಲ್ಲ; ಅವು ನೀರು ಕುಡಿಯುತ್ತವೆ, ಬಿಡುವುದಿಲ್ಲ.

ಆದರೂ ನೀರಾದರೆ? ಕೊನೆಯ ಮುಕ್ಕಾಲು ಗಂಟೆ ಮುಚ್ಚಳ ಓರೆ ಮಾಡಿ ಹೈನಲ್ಲಿಡಿ. ಅದಕ್ಕಿಂತ ಬೇಗದ ದಾರಿ ನಮ್ಮ ಅಡುಗೆಯಲ್ಲೇ ಇದೆ: ಒಂದು ದೊಡ್ಡ ಚಮಚ ಹುರಿಗಡಲೆಯನ್ನು ತೆಂಗಿನಕಾಯಿಯ ಜೊತೆ ನುಣ್ಣಗೆ ರುಬ್ಬಿ ಸೇರಿಸುವುದು, ಇಲ್ಲವೇ ಬೆಂದ ಕಾಳನ್ನು ಒಂದು ಸೌಟು ತೆಗೆದು ಹಿಸುಕಿ ಹಾಕುವುದು.

ಮುಚ್ಚಳ ತೆಗೆದು ತೆಗೆದು ನೋಡುವ ಅಭ್ಯಾಸ ಇಲ್ಲಿ ದುಬಾರಿ. ಒಮ್ಮೆ ತೆಗೆದರೆ ಹೋದ ಶಾಖ ಮರಳಿ ಕೂಡಲು 15ರಿಂದ 30 ನಿಮಿಷ ಬೇಕು. ಇನ್ನೂರು ವ್ಯಾಟಿನ ತಂತಿಗೆ ಅಷ್ಟೇ ಶಕ್ತಿ. ನಾಲ್ಕು ಸಲ ಇಣುಕಿದರೆ ಊಟ ಒಂದೂವರೆ ಗಂಟೆ ತಡ.

ಪಾತ್ರೆ ಅರ್ಧಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ತುಂಬಿರಲಿ. ತೀರಾ ಕಡಿಮೆಯಿದ್ದರೆ ಬದಿಗಳು ಸೀಯುತ್ತವೆ, ಕಂಠಮಟ್ಟ ತುಂಬಿದರೆ ನಡುಭಾಗ ಬಿಸಿಯೇರುವುದಿಲ್ಲ. ಇಬ್ಬರ ಮನೆಗೆ 6 ಲೀಟರ್ ಕುಕ್ಕರ್ ಕೊಂಡು ತಳದಲ್ಲಷ್ಟೇ ಬೇಳೆ ಬೇಯಿಸುವವರಿಗೆ ಸಿಗುವುದು ಸೀದ ಅಂಚು. ಇಬ್ಬರಿಗೆ 1.5ರಿಂದ 2.5 ಲೀಟರ್, ನಾಲ್ವರಿಗೆ 3.5 ಲೀಟರ್ ಸರಿಯಾದ ಅಳತೆ.

ಯಾವುದು ಕೆಳಗೆ, ಯಾವುದು ಮೇಲೆ ಎಂಬುದೂ ಮುಖ್ಯ. ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್, ಸುವರ್ಣಗೆಡ್ಡೆ ಇವೆಲ್ಲ ಇಲ್ಲಿ ಮಾಂಸಕ್ಕಿಂತ ನಿಧಾನವಾಗಿ ಬೇಯುತ್ತವೆ. ತರಕಾರಿಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಸಡಿಲವಾಗಲು 85 ಡಿಗ್ರಿಯಾದರೂ ಬೇಕು, ಲೋನಲ್ಲಿ ಅಲ್ಲಿಗೆ ತಲುಪುವುದೇ ತಡವಾಗಿ. ಗೆಡ್ಡೆಗಳನ್ನು ಒಂದು ಇಂಚಿನ ಹೋಳು ಮಾಡಿ ತಳಕ್ಕೂ ಗೋಡೆಯ ಪಕ್ಕಕ್ಕೂ ಹಾಕಿ, ಮಾಂಸ ಅದರ ಮೇಲೆ ಬರಲಿ. ಸೊಪ್ಪು, ಬಟಾಣಿ, ಹೀರೆಕಾಯಿ ಕೊನೆಯ ಅರ್ಧ ಗಂಟೆಗೆ.

## ಕಾಳು: ಮೊದಲು ಕುದಿಸಿ, ಆಮೇಲೆ ಒಳಗೆ

ಈ ಲೇಖನದಲ್ಲಿ ಒಂದೇ ಭಾಗ ಓದುವವರು ಇದನ್ನು ಓದಬೇಕು. ಒಣ ರಾಜ್ಮಾದಲ್ಲಿ ಫೈಟೋಹೆಮಗ್ಲುಟಿನಿನ್ ಎಂಬ ಪ್ರೋಟೀನ್ ಇದೆ. ಬೇಯದ ನಾಲ್ಕೈದು ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ವಿಪರೀತ ವಾಕರಿಕೆ, ವಾಂತಿ, ಆಮೇಲೆ ಭೇದಿ ಶುರುವಾಗಬಹುದು. ಪೂರ್ತಿ ಕುದಿಯುವ ನೀರಿನಲ್ಲಿ ಈ ವಿಷ ನಾಶವಾಗುತ್ತದೆ. 80 ಡಿಗ್ರಿಯ ಆಸುಪಾಸಿನಲ್ಲಿ ಬಿಸಿ ಮಾಡಿದರೆ ಹಸಿ ಕಾಳಿಗಿಂತ ಐದು ಪಟ್ಟಿನವರೆಗೆ ಹೆಚ್ಚು ವಿಷವಾಗಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ಎಚ್ಚರಿಸಿದೆ. ಸ್ಲೋ ಕುಕ್ಕರ್ ಗಂಟೆಗಟ್ಟಲೆ ನಿಲ್ಲುವುದು ಅಂಥ ಬಿಸಿಯಲ್ಲೇ. ಕಾಳು ಮೆತ್ತಗಾಗಿ ಕಾಣುತ್ತದೆ, ವಿಷ ಹಾಗೇ ಇರುತ್ತದೆ.

ಕ್ರಮ ಹೀಗೆ. ರಾಜ್ಮಾವನ್ನು ಕನಿಷ್ಠ ಐದು ಗಂಟೆ, ಆಗುವುದಾದರೆ ರಾತ್ರಿಯಿಡೀ ನೆನೆಸಿ. ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಕೊತಕೊತನೆ 30 ನಿಮಿಷ ಕುದಿಸಿ. ಹತ್ತು ನಿಮಿಷ ಸಾಕು ಎನ್ನುವ ಸಲಹೆಯೂ ಇದೆ. ಅರ್ಧ ಗಂಟೆ ಎಂಬುದು ಎಲ್ಲ ಕಾಳೂ ಒಳಗಿನವರೆಗೆ ಆ ಬಿಸಿಗೆ ತಲುಪಲಿ ಎಂಬ ಖಾತ್ರಿಗೆ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಇಲ್ಲಿಯವರು ಅರ್ಧ ಗಂಟೆಯನ್ನೇ ಹಿಡಿಯಬೇಕು. ಇನ್ನೂ ಸಲೀಸು ಬೇಕೆಂದರೆ ಪ್ರೆಶರ್ ಕುಕ್ಕರ್‌ನಲ್ಲಿ ಮೂರ್ನಾಲ್ಕು ವಿಷಲ್ ಕೂಗಿಸಿ, ಆಮೇಲೆ ಮಸಾಲೆಯ ಜೊತೆ ಸ್ಲೋ ಕುಕ್ಕರ್‌ಗೆ ಹಾಕಿ. ಪ್ರೆಶರ್ ಕುಕ್ಕರ್‌ನೊಳಗೆ 120 ಡಿಗ್ರಿವರೆಗೆ ಬಿಸಿ ಇರುತ್ತದೆ, ವಿಷ ಉಳಿಯುವುದಿಲ್ಲ. ಡಬ್ಬಿಯಲ್ಲಿ ಬರುವ ರಾಜ್ಮಾ ಆಗಲೇ ಬೆಂದಿರುವುದರಿಂದ ನೇರವಾಗಿ ಹಾಕಬಹುದು.

ಕಡಲೆಕಾಳು, ಹೆಸರುಕಾಳು, ತೊಗರಿಬೇಳೆಗಳಲ್ಲಿ ಈ ಮಟ್ಟದ ಅಪಾಯವಿಲ್ಲ. ಒಣ ಅವರೆಕಾಳು, ಬಿಳಿ ರಾಜ್ಮಾಗಳಿಗೆ ಮಾತ್ರ ರಾಜ್ಮಾದ ಕ್ರಮವನ್ನೇ ಅನುಸರಿಸಿ. ಉಳಿದ ಕಾಳುಗಳನ್ನೂ ನೆನೆಸಿ, ಹತ್ತು ನಿಮಿಷ ಒಲೆಯ ಮೇಲೆ ಕುದಿಸಿ ಬಿಸಿಯಾಗಿಯೇ ಸುರಿದರೆ ಒಂದೆರಡು ಗಂಟೆ ಉಳಿಯುತ್ತದೆ.

ಅಳತೆ ಹೇಳುವುದಾದರೆ: ಒಂದು ಲೋಟ ಕಡಲೆಕಾಳು ರಾತ್ರಿ ನೆನೆಸಿದ್ದು, ಮೂರು ಲೋಟ ನೀರು, ಹೈನಲ್ಲಿ ನಾಲ್ಕೈದು ಗಂಟೆ ಅಥವಾ ಲೋನಲ್ಲಿ ಎಂಟು. ಒಂದು ಲೋಟ ತೊಗರಿಬೇಳೆ ಒಂದು ಗಂಟೆ ನೆನೆಸಿದ್ದು, ಮೂರು ಲೋಟ ಬಿಸಿನೀರು, ಒಂದು ಚಮಚ ಎಣ್ಣೆ, ಹೈನಲ್ಲಿ ಮೂರ್ನಾಲ್ಕು ಗಂಟೆ. ಬರೀ ತೊಗರಿಬೇಳೆಗಾಗಿ ಇದನ್ನು ಹಚ್ಚುವುದು ವ್ಯರ್ಥ ಎಂದೇ ಹೇಳಬೇಕು. ಪ್ರೆಶರ್ ಕುಕ್ಕರ್ ಇಪ್ಪತ್ತು ನಿಮಿಷದಲ್ಲಿ ಮುಗಿಸುವ ಕೆಲಸ ಅದು.

ಹುರುಳಿಯ ವಿಷಯ ಬೇರೆ. ಹುರುಳಿ ಸಾರಿಗೆ ಬೇಕಾದ್ದು ಕಟ್ಟು, ಕಟ್ಟಿಗೆ ಬೇಕಾದ್ದು ಸಮಯ. ಎರಡು ಲೋಟ, ಅಂದರೆ ಸುಮಾರು 400 ಗ್ರಾಂ ಹುರುಳಿಯಲ್ಲಿ ಕಲ್ಲು ಆರಿಸಿ, ತೊಳೆದು, ರಾತ್ರಿ ನೆನೆಸಿ. ಒಂದೂವರೆ ಲೀಟರ್ ಹೊಸ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ನೊರೆ ತೆಗೆದು, ನೀರಿನ ಸಮೇತ ಕುಕ್ಕರ್‌ಗೆ ಹಾಕಿ ಲೋನಲ್ಲಿ ಹತ್ತು ಗಂಟೆ ಬಿಡಿ. ಕಟ್ಟು ಬಸಿದು, ಅದನ್ನು ಮಾತ್ರ ಒಲೆಯ ಮೇಲೆ ತೆರೆದ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಆಮೇಲೆ ಹುಣಸೆರಸ, ಮಸಾಲೆ, ಬೆಳ್ಳುಳ್ಳಿ ಒಗ್ಗರಣೆ. ಈ ಇಂಗಿಸುವ ಹಂತವನ್ನು ಸ್ಲೋ ಕುಕ್ಕರ್ ಎಷ್ಟು ಹೊತ್ತು ಕೊಟ್ಟರೂ ಮಾಡಲಾರದು, ನೀರು ಹೊರಗೆ ಹೋಗಲು ದಾರಿಯೇ ಇಲ್ಲವಲ್ಲ. ಉಳಿದ ಕಾಳು ಉಸಲಿಗೆ.

## ಹುಳಿ ಕೊನೆಗೆ

ಹುಣಸೆಹಣ್ಣು, ಟೊಮೆಟೊ, ಮಾವಿನಕಾಯಿ, ನಿಂಬೆ ಯಾವುದೇ ಇರಲಿ, ಕಾಳು ಮೆತ್ತಗಾಗುವ ಮೊದಲು ಹಾಕಿದರೆ ಕಾಳು ಕಲ್ಲಾಗಿಯೇ ಉಳಿಯುತ್ತದೆ. ಹುಳಿಯ ನೀರಿನಲ್ಲಿ ಪೆಕ್ಟಿನ್ ಕರಗದೆ ಬಿಗಿಯಾಗುತ್ತದೆ. ಹೆಚ್ಚಿನ ಬಿಸಿಯಲ್ಲಿ ಒಲೆ ಇದನ್ನು ಸ್ವಲ್ಪ ಮಟ್ಟಿಗೆ ಮೀರಬಲ್ಲದು, ಸ್ಲೋ ಕುಕ್ಕರ್‌ಗೆ ಆ ಶಕ್ತಿಯಿಲ್ಲ. ಕಾಳನ್ನು ಬೆರಳಲ್ಲಿ ಒತ್ತಿದಾಗ ಪುಡಿಯಾಗುವಂತಿದ್ದರೆ ಆಗ ಹುಳಿ ಹಾಕಿ, ಇನ್ನೊಂದು ಗಂಟೆ ಹೈನಲ್ಲಿಡಿ. ಸಾಂಬಾರಿಗೆ ಹಾಕುವ ಗಟ್ಟಿ ತರಕಾರಿಗೂ ಇದೇ ಮಾತು.

ಹುಳಿ ಹಾಕದೆಯೂ ಕಾಳು ಬೇಯದಿದ್ದರೆ ನೀರನ್ನು ಅನುಮಾನಿಸಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕೂಡ ಪೆಕ್ಟಿನ್ನನ್ನು ಬಿಗಿಮಾಡುತ್ತದೆ. ಫಿಲ್ಟರ್ ನೀರು ಬಳಸಿ, ಇಲ್ಲವೇ ಒಂದು ಲೋಟ ಕಾಳಿಗೆ ಒಂದು ಚಿಟಿಕೆ ಅಡುಗೆ ಸೋಡ ಹಾಕಿ. ಸೋಡ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಹಳೆಯ ಕಾಳು ಯಾವ ನೀರಿನಲ್ಲೂ ಸರಿಯಾಗಿ ಬೇಯುವುದಿಲ್ಲ.

## ಹುರಿದ ರುಚಿ ತಾನಾಗಿ ಬರುವುದಿಲ್ಲ

ಈರುಳ್ಳಿ ಕೆಂಪಾಗುವುದು, ಮಾಂಸದ ಮೇಲ್ಮೈ ಕಂದು ಬಣ್ಣಕ್ಕೆ ತಿರುಗಿ ಘಮ ಬರುವುದು ನೀರಿನ ಕುದಿಬಿಂದುವಿಗಿಂತ ಬಹಳ ಮೇಲಿನ ಬಿಸಿಯಲ್ಲಿ, ಒಣ ಮೇಲ್ಮೈಯಲ್ಲಿ. ಸ್ಲೋ ಕುಕ್ಕರ್‌ನೊಳಗೆ ಎಲ್ಲವೂ ಒದ್ದೆ, ನೂರು ಡಿಗ್ರಿ ದಾಟುವುದೇ ಇಲ್ಲ. ಹಸಿ ಈರುಳ್ಳಿ ಹಾಕಿದರೆ ಎಂಟು ಗಂಟೆಯ ನಂತರವೂ ಬೇಯಿಸಿದ ಈರುಳ್ಳಿಯ ಸಪ್ಪೆ ಸಿಹಿ ಇರುತ್ತದೆ. ಶುಂಠಿ-ಬೆಳ್ಳುಳ್ಳಿ ಪೇಸ್ಟಿನ ಹಸಿ ವಾಸನೆ ಹೋಗದಿರುವುದಕ್ಕೂ ಇದೇ ಕಾರಣ. "ಎಲ್ಲವನ್ನೂ ಸುರಿದು ಗುಂಡಿ ಒತ್ತಿ" ಎನ್ನುವ ವಿಧಾನ ನಮ್ಮ ಮಸಾಲೆ ಅಡುಗೆಗೆ ಹೊಂದುವುದಿಲ್ಲ. ಹದಿನೈದು ನಿಮಿಷ ಬಾಣಲೆ ಹಚ್ಚಲೇಬೇಕು.

ಇಡೀ ಚಕ್ಕೆ, ಲವಂಗ, ಏಲಕ್ಕಿ ಗಂಟೆಗಟ್ಟಲೆ ನೆನೆದು ರಸ ಬಿಡುವುದರಿಂದ ಒಲೆಗೆ ಹಾಕುವುದರ ಅರ್ಧ ಸಾಕು. ಲವಂಗ ಜಾಸ್ತಿಯಾದರೆ ಸಾರು ಕಹಿಯಾಗುತ್ತದೆ. ಪುಡಿ ಮಸಾಲೆಯದು ಇದಕ್ಕೆ ತದ್ವಿರುದ್ಧ, ಘಮ ಹಾರಿಹೋಗುತ್ತದೆ. ಸಾರಿನ ಪುಡಿಯಲ್ಲಿ ಅರ್ಧ ಮೊದಲಿಗೆ, ಅರ್ಧ ಕೊನೆಯ ಅರ್ಧ ಗಂಟೆಗೆ. ಕೊತ್ತಂಬರಿ ಸೊಪ್ಪು, ಇಂಗು, ಕರಿಬೇವಿನ ಒಗ್ಗರಣೆ ಬಡಿಸುವ ಮುಂಚೆ.

ಹಾಲು, ಮೊಸರು, ತೆಂಗಿನಹಾಲು ದೀರ್ಘ ಶಾಖದಲ್ಲಿ ಒಡೆಯುತ್ತವೆ. ತೆಂಗಿನಹಾಲು ಕೊನೆಯ ಇಪ್ಪತ್ತು-ಮೂವತ್ತು ನಿಮಿಷಕ್ಕೆ. ಮೊಸರಿಗೆ ಒಂದು ಚಮಚ ಕಡಲೆಹಿಟ್ಟು ಕಲಸಿ, ಒಂದು ಸೌಟು ಬಿಸಿ ಸಾರು ಬೆರೆಸಿ, ಆಮೇಲೆ ಪಾತ್ರೆಗೆ.

## ಮಟನ್, ಕಾಲು, ಕೋಳಿ

ಈ ಯಂತ್ರ ತನ್ನ ಬೆಲೆ ತೀರಿಸುವುದು ಇಲ್ಲೇ. ಭುಜ, ಕುತ್ತಿಗೆ, ಕಾಲಿನಂಥ ಗಟ್ಟಿ ಮಾಂಸದಲ್ಲಿ ಕೊಲಾಜನ್ ಎಂಬ ನಾರಿನ ಬಲೆ ಇರುತ್ತದೆ. ಸುಮಾರು 70 ಡಿಗ್ರಿ ದಾಟಿದ ಮೇಲೆ ಅದು ಗಂಟೆಗಳ ಕಾಲ ನೀರಿನಲ್ಲಿ ಕರಗಿ ಜೆಲಾಟಿನ್ ಆಗುತ್ತದೆ. ಸಾರಿಗೆ ಬೆರಳಿಗಂಟುವ ಮೈ ಬರುವುದು ಅದರಿಂದ. ಮೆತ್ತನೆ ಮಾಂಸಕ್ಕೆ ಈ ಭಾಗ್ಯವಿಲ್ಲ, ಅದರಲ್ಲಿ ಕರಗಲು ಕೊಲಾಜನ್ ಇಲ್ಲದ್ದರಿಂದ ಬರೀ ಒಣಗುತ್ತದೆ. ಕೋಳಿಯ ಎದೆಭಾಗ ಹತ್ತಿಯಂತಾಗುವುದು ಹೀಗೆ. ಬ್ರಾಯ್ಲರ್ ಹಾಕುವುದಾದರೆ ತೊಡೆಯ ತುಂಡುಗಳನ್ನು ಲೋನಲ್ಲಿ ನಾಲ್ಕೈದು ಗಂಟೆ ಮೀರದಂತೆ. ನಾಟಿ ಕೋಳಿಗೆ ಆರರಿಂದ ಎಂಟು ಗಂಟೆ ಹೇಳಿ ಮಾಡಿಸಿದ್ದು. ಮೀನಿಗೆ ಈ ಪಾತ್ರೆ ಬೇಡ.

3.5 ಲೀಟರ್ ಪಾತ್ರೆಗೆ ಮಟನ್ ಸಾರಿನ ಅಳತೆ: ಮೂಳೆ ಸಹಿತ ಮಟನ್ ಒಂದು ಕಿಲೋ, ಈರುಳ್ಳಿ ಎರಡು, ಟೊಮೆಟೊ ಎರಡು, ಒಂದೂವರೆ ಇಂಚು ಶುಂಠಿ, ಹನ್ನೆರಡು ಎಸಳು ಬೆಳ್ಳುಳ್ಳಿ, ಧನಿಯ ಪುಡಿ ಎರಡು ದೊಡ್ಡ ಚಮಚ, ಖಾರದ ಪುಡಿ ಒಂದು ದೊಡ್ಡ ಚಮಚ, ಅರಿಶಿನ ಅರ್ಧ ಚಮಚ, ಒಂದಿಂಚು ಚಕ್ಕೆ, ಎರಡು ಲವಂಗ, ಉಪ್ಪು ಎರಡು ಸಣ್ಣ ಚಮಚ. ರುಬ್ಬಲು ಅರ್ಧ ಲೋಟ ತೆಂಗಿನತುರಿ, ಒಂದು ದೊಡ್ಡ ಚಮಚ ಹುರಿಗಡಲೆ, ಒಂದು ಸಣ್ಣ ಚಮಚ ಗಸಗಸೆ.

ಮಟನ್ ತೊಳೆದು ನೀರು ಚೆನ್ನಾಗಿ ಬಸಿಯಲಿ. ಕಾದ ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಹಾಕಿ, ಎರಡು ಸಲಕ್ಕೆ ಬೇರೆ ಬೇರೆಯಾಗಿ ಆರೆಂಟು ನಿಮಿಷ ಕಂದಾಗುವಂತೆ ಹುರಿಯಿರಿ. ಒಂದೇ ಸಲ ಹಾಕಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಅದೇ ಬಾಣಲೆಯಲ್ಲಿ ಚಕ್ಕೆ, ಲವಂಗ, ಈರುಳ್ಳಿ ಕೆಂಪಗೆ ಹುರಿದು, ಶುಂಠಿ-ಬೆಳ್ಳುಳ್ಳಿಯ ಹಸಿ ವಾಸನೆ ಹೋದ ಮೇಲೆ ಪುಡಿಗಳು, ಟೊಮೆಟೊ ಹಾಕಿ ಎಣ್ಣೆ ಬಿಡುವವರೆಗೆ ಬಾಡಿಸಿ. ಒಂದು ಲೋಟ ನೀರು ಸುರಿದು ತಳಕ್ಕೆ ಹಿಡಿದದ್ದನ್ನೆಲ್ಲ ಕೆರೆದು ಬಿಡಿಸಿಕೊಳ್ಳಿ, ರುಚಿಯೆಲ್ಲ ಅಲ್ಲಿದೆ. ಎಲ್ಲವೂ ಕುಕ್ಕರ್‌ಗೆ. ಬಾಣಲೆಯ ನೀರೂ ಸೇರಿ ಒಟ್ಟು 600 ಮಿಲಿಲೀಟರ್ ಇರಲಿ. ಹೈನಲ್ಲಿ ಒಂದು ಗಂಟೆ, ಲೋನಲ್ಲಿ ಆರೇಳು ಗಂಟೆ. ಊಟಕ್ಕೆ ಮುಕ್ಕಾಲು ಗಂಟೆ ಮುಂಚೆ ಮೇಲೆ ತೇಲುವ ಕೊಬ್ಬನ್ನು ಸೌಟಿನಿಂದ ತೆಗೆದು, ರುಬ್ಬಿದ ಮಸಾಲೆ ಹಾಕಿ ಹೈಗೆ ತಿರುಗಿಸಿ. ಮುದ್ದೆ ಮಾತ್ರ ಒಲೆಯ ಮೇಲೆಯೇ ಕೂಡಬೇಕು.

ಕಾಲು ಸೂಪಿಗೆ ಇನ್ನೂ ಸುಲಭ. ಸುಟ್ಟು ಕೆರೆದು ತುಂಡು ಮಾಡಿಸಿದ ನಾಲ್ಕು ಮೇಕೆ ಕಾಲು, ಒಂದೂಕಾಲು ಲೀಟರ್ ಬಿಸಿನೀರು, ಜಜ್ಜಿದ ಶುಂಠಿ, ಅರಿಶಿನ, ಉಪ್ಪು. ಹೈನಲ್ಲಿ ಒಂದು ಗಂಟೆ, ಆಮೇಲೆ ಲೋನಲ್ಲಿ ಹತ್ತರಿಂದ ಹನ್ನೆರಡು ಗಂಟೆ. ಫ್ರಿಜ್ಜಿನಲ್ಲಿಟ್ಟಾಗ ಸೂಪು ಹಲ್ವದಂತೆ ಗಟ್ಟಿಯಾದರೆ ಜೆಲಾಟಿನ್ ಸರಿಯಾಗಿ ಇಳಿದಿದೆ ಎಂದರ್ಥ. ಮೆಣಸು, ಜೀರಿಗೆ ಪುಡಿ ಕುಡಿಯುವ ಹೊತ್ತಿಗೆ.

## ಕರೆಂಟ್ ಹೋದರೆ

ಮನೆಯಲ್ಲಿದ್ದರೆ ತಡಮಾಡದೆ ಗ್ಯಾಸ್ ಮೇಲೆ ಬೇರೆ ಪಾತ್ರೆಗೆ ಸುರಿದು ಬೇಯಿಸಿ ಮುಗಿಸಿ. ಸೆರಾಮಿಕ್ ಪಾತ್ರೆಯನ್ನೇ ಉರಿಯ ಮೇಲೆ ಇಡಬಾರದು, ಒಡೆಯುತ್ತದೆ. ಅಡುಗೆ ಪೂರ್ತಿ ಬೆಂದಾದ ಮೇಲೆ ಕರೆಂಟ್ ಹೋದದ್ದಾದರೆ ಮುಚ್ಚಿದ ಪಾತ್ರೆಯಲ್ಲಿ ಎರಡು ಗಂಟೆವರೆಗೆ ಚಿಂತೆಯಿಲ್ಲ.

ತೊಡಕಿರುವುದು ಯಾರೂ ಇಲ್ಲದಾಗ. ತಿರುಗಿಸುವ ಗುಂಡಿಯ ಮಾದರಿ ಕರೆಂಟ್ ಬಂದ ಕೂಡಲೇ ಏನೂ ಆಗದಂತೆ ಮತ್ತೆ ಶುರುವಾಗುತ್ತದೆ. ನಡುವೆ ಮೂರು ಗಂಟೆ ಮಾಂಸ ಉಗುರುಬೆಚ್ಚಗೆ ಕೂತಿದ್ದದ್ದು ಸಂಜೆ ಬಂದವರಿಗೆ ಗೊತ್ತಾಗುವುದಿಲ್ಲ. ಡಿಜಿಟಲ್ ಮಾದರಿಗಳಲ್ಲಿ ಹಲವು ಆಫ್ ಆಗಿಯೇ ಉಳಿಯುತ್ತವೆ, ಕನಿಷ್ಠ ತಿಳಿಯುತ್ತದೆ. ಮೈಕ್ರೋವೇವ್‌ನಂಥ, ಕರೆಂಟ್ ಹೋದರೆ ಸೊನ್ನೆಗೆ ಬರುವ ಗಡಿಯಾರ ಮನೆಯಲ್ಲಿದ್ದರೆ ಅದನ್ನು ನೋಡಿ: ಬಂದು ಎಷ್ಟು ಹೊತ್ತಾಯಿತು ಎಂದು ಅದು ಹೇಳುತ್ತದೆ. ಎಷ್ಟು ಹೊತ್ತು ಹೋಗಿತ್ತು ಎಂದು ಲೆಕ್ಕ ಸಿಗದಿದ್ದರೆ, ನೋಡಲು ಚೆನ್ನಾಗಿದ್ದರೂ ಚೆಲ್ಲಬೇಕು. ಮತ್ತೆ ಕುದಿಸಿದರೂ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಹೋಗುವುದಿಲ್ಲ. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಹಗಲಿಗಿಂತ, ಮನೆಯವರು ಇರುವ ರಾತ್ರಿಯೇ ಹಚ್ಚುವುದು ಮೇಲು.

ಬಿಲ್ಲಿನ ಲೆಕ್ಕ: 200 ವ್ಯಾಟ್, ಎಂಟು ಗಂಟೆ, ಹೆಚ್ಚೆಂದರೆ 1.6 ಯೂನಿಟ್. ವಾರಕ್ಕೆ ಮೂರು ದಿನ ಹಚ್ಚಿದರೆ ತಿಂಗಳಿಗೆ ಸುಮಾರು 20 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗಳು ತಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾದ ಮಿತಿಯನ್ನು ಬಿಲ್ಲಿನಲ್ಲಿ ನೋಡಿಕೊಳ್ಳಲಿ. ಮಿತಿ ದಾಟಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಸ್ಲೋ ಕುಕ್ಕರ್ ಕರೆಂಟ್ ಉಳಿಸುತ್ತದೆ ಎಂಬ ಮಾತು ಗಂಟೆಗಟ್ಟಲೆ ಒಲೆ ಉರಿಸುವವರಿಗೆ ಹೋಲಿಸಿದರೆ ನಿಜ, ಪ್ರೆಶರ್ ಕುಕ್ಕರ್‌ಗೆ ಹೋಲಿಸಿದರೆ ಅಲ್ಲ.

## ಅಮೆರಿಕದಿಂದ ಬಂದ ಕುಕ್ಕರ್

ಮಕ್ಕಳು ಸೂಟ್‌ಕೇಸಿನಲ್ಲಿ ತಂದುಕೊಟ್ಟದ್ದನ್ನು ಪಿನ್ ಬದಲಿಸುವ ಅಡಾಪ್ಟರ್ ಹಾಕಿ ನೇರ ಚುಚ್ಚಬೇಡಿ. ಅಲ್ಲಿನದು 120 ವೋಲ್ಟ್, ಇಲ್ಲಿನದು 230. ವೋಲ್ಟೇಜ್ ಎರಡು ಪಟ್ಟಿನ ಹತ್ತಿರವಾದರೆ ಶಕ್ತಿ ನಾಲ್ಕು ಪಟ್ಟಿನ ಹತ್ತಿರ: 250 ವ್ಯಾಟಿನ ತಂತಿ 900 ವ್ಯಾಟ್ ದಾಟಿ ಎಳೆದು ಸುಟ್ಟುಹೋಗುತ್ತದೆ. ತಳದ ಚೀಟಿಯಲ್ಲಿ 220-240 ವೋಲ್ಟ್ ಎಂದಿಲ್ಲದಿದ್ದರೆ ಕನಿಷ್ಠ 500 ವ್ಯಾಟಿನ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಬೆಲೆಯೂ ಭಾರವೂ ನೋಡಿದರೆ ಇಲ್ಲಿಯೇ ಒಂದು ಕೊಳ್ಳುವುದು ಲೇಸು. ಬ್ರಿಟನ್, ಕೊಲ್ಲಿ ದೇಶಗಳ ಬಹುತೇಕ ಕಡೆಯಿಂದ ತಂದದ್ದಕ್ಕೆ ವೋಲ್ಟೇಜಿನ ತೊಂದರೆಯಿಲ್ಲ. ಸೌದಿಯಲ್ಲಿ ಹಳೆಯ 127 ವೋಲ್ಟಿನ ಉಪಕರಣಗಳೂ ಇರುವುದರಿಂದ ಚೀಟಿ ನೋಡಿಯೇ ಹಾಕಿ.

## ಉಳಿದದ್ದು, ತೊಳೆಯುವುದು

ಉಳಿದ ಸಾರನ್ನು ಆ ಪಾತ್ರೆಯಲ್ಲೇ ಫ್ರಿಜ್ಜಿಗೆ ಇಡಬೇಡಿ. ದಪ್ಪ ಸೆರಾಮಿಕ್ ಶಾಖ ಬಿಡುವುದೇ ಇಲ್ಲ, ನಡುಭಾಗ ಗಂಟೆಗಳ ಕಾಲ ಬೆಚ್ಚಗಿರುತ್ತದೆ. ಅಗಲವಾದ ಸ್ಟೀಲ್ ಪಾತ್ರೆಗಳಿಗೆ ಹಂಚಿ ಎರಡು ಗಂಟೆಯೊಳಗೆ ಒಳಗಿಡಿ. ಮರುದಿನ ಒಲೆಯ ಮೇಲೆ ಕುದಿ ಬರಿಸಿ, ಬೇಕಿದ್ದರೆ ಆಮೇಲೆ ವಾರ್ಮ್‌ಗೆ.

ಅಂಚಿಗೆ ಒಣಗಿ ಹಿಡಿದದ್ದಕ್ಕೆ ಪಾತ್ರೆ ತಣ್ಣಗಾದ ಮೇಲೆ ಬೆಚ್ಚನೆ ನೀರು, ಎರಡು ಚಮಚ ಅಡುಗೆ ಸೋಡ ಹಾಕಿ ಲೋನಲ್ಲಿ ಎರಡು ಗಂಟೆ ಇಟ್ಟರೆ ಬಿಡುತ್ತದೆ. ತಂತಿಯ ಬ್ರಶ್ ಬೇಡ. ಬಿಸಿ ಪಾತ್ರೆಗೆ ನಲ್ಲಿ ನೀರು ಬಿಡುವುದು, ತಣ್ಣನೆ ಕಡಪ ಕಲ್ಲಿನ ಮೇಲೆ ಇಡುವುದು ಬಿರುಕಿಗೆ ಆಹ್ವಾನ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಪಾತ್ರೆಯನ್ನು ಬಿಡಬೇಕು: ಸೋರಿದ ಸಾರು ಇಳಿಯುವುದು ಕೆಳಗಿನ ಕರೆಂಟ್ ತಂತಿಯ ಮೇಲೆ.